ಹುಲಿಗವ್ವನ ಮೊದಲ ತುತ್ತು

ನಮ್ಮ ಕಡೆ ಅಡುಗೆ ಮಾಡಿದ ಹೆಣ್ಣುಮಗಳು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ. ಇದು ಸರಿ ಎಂದು ನಾನು ಹೇಳುತ್ತಿಲ್ಲ, ನಡೆದುಕೊಂಡು ಬಂದಿರುವುದು ಹಾಗೆ. ಯಲಬುರ್ಗಾದ ನಮ್ಮ ಮನೆಯಲ್ಲಿ ನಮ್ಮವ್ವ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿದರೆ ಮನೆಮಂದಿಯ ಊಟವೆಲ್ಲ ಮುಗಿಯಿತು ಎಂದೇ ಲೆಕ್ಕ. ಅಂಥ ಮನೆಯಿಂದ ಬಂದ ನಾನು ಸಾಣಾಪುರದ ಹತ್ತಿರದ ಈ ಶಾಲೆಗೆ ವರ್ಗವಾಗಿ ಬಂದ ದಿನವೇ ಕಂಡದ್ದು ಬೇರೆ. ಬಿಸಿಯೂಟದ ಗಂಟೆ ಹೊಡೆದಿದೆ, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದಾರೆ. ಅಡುಗೆಯ ಹುಲಿಗವ್ವ ಎಲ್ಲರ ಕಣ್ಣಿಗೂ ಬೀಳುವಂತೆ ಮೆಟ್ಟಿಲ ಮೇಲೆ ಕೂತು, ತಾನೇ ಮೊದಲು ಅನ್ನ ಸಾರು ಕಲಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ರುಚಿ ನೋಡಲು ನಾಲಿಗೆಗೆ ಹಚ್ಚಿಕೊಳ್ಳುವುದಲ್ಲ, ದೊಡ್ಡ ದೊಡ್ಡ ತುತ್ತು. ಉಂಡು, ನೀರು ಕುಡಿದು, ಎದ್ದು ಒಂದಿಷ್ಟು ಹೊತ್ತು ಎಲ್ಲರ ಎದುರು ಅಡ್ಡಾಡಿ, ಆಮೇಲೆ ಸೌಟು ಹಿಡಿದಳು.

ಬಡಿಸುವ ಮೊದಲು ಅಡುಗೆಯವರು, ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವೇನೋ ಇದೆ. ಆದರೆ ಹುಲಿಗವ್ವನದು ನಿಯಮ ಪಾಲಿಸುವವರ ರೀತಿಯಾಗಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಸಿದಾಗಂತೂ ಕೇಳುವುದೇ ಬೇಡ.

"ಏನವ್ವಾ, ಹಸಿವು ಭಾಳ ಆಗಿತ್ತೇನು?" ಎಂದು ಕೇಳಿಯೇ ಬಿಟ್ಟೆ.

"ಇಲ್ರಿ ಅಕ್ಕೋರ," ಎಂದಳು ಹುಲಿಗವ್ವ. "ನಾ ತಿಂದದ್ದು ಎಲ್ಲಾರೂ ನೋಡಬೇಕ್ರಿ."

ಈ ಉತ್ತರದ ತಲೆಬುಡ ತಿಳಿಯದೆ ನಾನು ಮುಖ್ಯ ಅಡುಗೆಯವಳಾದ ಹಜರತಬೀಯ ಮುಖ ನೋಡಿದೆ. ಆಕೆ ಕಣ್ಣಲ್ಲೇ ಆಮೇಲೆ ಹೇಳುತ್ತೇನೆ ಎಂದಳು. ಮಕ್ಕಳ ಊಟ ಮುಗಿದ ಮೇಲೆ, ಹುಲಿಗವ್ವ ಪಾತ್ರೆಗಳ ಜೊತೆ ನಲ್ಲಿಯ ಹತ್ತಿರ ಹೋದಾಗ, ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು.

ಹುಲಿಗವ್ವನನ್ನು ಅಳವಂಡಿಗೆ ಕೊಟ್ಟಿದ್ದರು. ಗಂಡ ಮಲ್ಲೇಶ, ಅತ್ತೆ ಮಾರೆವ್ವ, ಒಬ್ಬಳೇ ಮಗಳು ಶ್ವೇತಾ. ಶ್ವೇತಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ವರ್ಷ, ಮಳೆಗಾಲದ ಒಂದು ದಿನ ಗಂಡ ಹೆಂಡತಿಗೆ ಜೋರು ಜಗಳವಾಯಿತು. ಯಾತಕ್ಕೆ ಎಂದು ಈಗ ಅವಳಿಗೇ ನೆನಪಿಲ್ಲ. ಅಂದು ಮಲ್ಲೇಶ ಹೊಲದಿಂದ ತಡವಾಗಿ ಬಂದ. ಉಳಿದವರ ಊಟವಾಗಿತ್ತು. ಹುಲಿಗವ್ವ ಮಾತಾಡದೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನೂ ಮಾತಾಡದೆ ಉಂಡು, ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ನೆಲಕ್ಕೆ ಕೌದಿ ಹಾಸಿಕೊಂಡು ಮಲಗಿದ. ಬೆಳಕು ಹರಿಯುವ ಮುಂಚೆ ಹೊಟ್ಟೆ ಹಿಡಿದುಕೊಂಡು ಎದ್ದ. ವಾಂತಿಯಾಯಿತು. ಮಾರೆವ್ವ ಹುಣಸೆಹಣ್ಣಿನ ನೀರು ಕುಡಿಸಿದಳು, ಉಪ್ಪುನೀರು ಕುಡಿಸಿದಳು, ಹೊಟ್ಟೆಗೆ ಎಣ್ಣೆ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಅವನ ಕಣ್ಣ ರೆಪ್ಪೆಗಳು ಇಳಿದವು. ನಿದ್ದೆ ಹತ್ತಿತು, ಮಲಗಲಿ ಬಿಡ್ರಿ ಎಂದರು ಓಣಿಯವರು. ಆಮೇಲೆ ನಾಲಿಗೆ ಹೊರಳದಾಯಿತು. ಗಾಡಿ ಹುಡುಕಿ ಕೊಪ್ಪಳದ ಹಾದಿ ಹಿಡಿಯುವಷ್ಟರಲ್ಲಿ ಉಸಿರು ನಿಂತಿತ್ತು.

ಮೈ ತೊಳೆದ ಮಾರೆವ್ವ, ಮಗನ ಮೈಮೇಲೆ ಒಂದು ಗೀರೂ ಇಲ್ಲ ಎಂದಳು. ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿ ಅಡುಗೆಮನೆಯ ಗೂಡಿನಲ್ಲೇ ಇತ್ತು. ಜಗಳ ಇಡೀ ಓಣಿಗೆ ಕೇಳಿತ್ತು. ಕೊನೆಯ ಊಟ ಬಡಿಸಿದವಳು ಹೆಂಡತಿ. ಜನಕ್ಕೆ ಇಷ್ಟು ಸಾಕಾಯಿತು. ಪೊಲೀಸರ ತನಕ ಹೋದರೆ ಮನೆತನದ ಮರ್ಯಾದೆ ಬೀದಿಗೆ ಬರುತ್ತದೆಂದು ಹಿರಿಯರು ಮಣ್ಣು ಮಾಡಿ ಮುಗಿಸಿದರು, ಹುಲಿಗವ್ವನನ್ನು ತವರಿಗೆ ಕಳಿಸಿದರು, ಮಗಳನ್ನು ಇಟ್ಟುಕೊಂಡರು. "ನನ್ನ ಮಗನ್ನ ಉಣಿಸಿ ಕೊಂದಾಕಿಗೆ ಮೊಮ್ಮಗಳನ್ನ ಕೊಡಾಂಗಿಲ್ಲ," ಎಂದು ಮಾರೆವ್ವ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ.

ಅಂದಿನಿಂದ ಹುಲಿಗವ್ವ ತಾನು ಮಾಡಿದ್ದನ್ನು ತಾನು ಮೊದಲು ಉಣ್ಣದೆ ಯಾರಿಗೂ ಬಡಿಸಿಲ್ಲ. ಮದುವೆ ಮನೆಯಲ್ಲಿ ಅಡುಗೆಗೆ ಕರೆದರೂ ಅಷ್ಟೆ. ಗೊತ್ತಿಲ್ಲದವರು ಹೊಟ್ಟೆಬಾಕಿ ಎಂದು ನಗುತ್ತಾರೆ. ಗೊತ್ತಿದ್ದವರು ನಗುವುದಿಲ್ಲ, ಆದರೆ ಅವಳು ತಿಂದು ಮುಗಿಸುವ ತನಕ ಕಾಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಎಂದು ನನಗೆ ಇವತ್ತಿಗೂ ಹೇಳಲು ಬಾರದು.

ಅವಳಿಗೆ ಒಂದು ಕಡೆ ಕೂರಲು ಆಗುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಹಸನು ಮಾಡಿದ ಬೇಳೆಯನ್ನೇ ಮತ್ತೆ ಹಸನು ಮಾಡುತ್ತಾಳೆ. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಮೂಸುತ್ತಾಳೆ. ನೋಡುವ ನಮಗೇ ತಲೆ ಸುತ್ತು ಬರಬೇಕು. ಒಂದು ದಿನ ರೇಗಿ, "ಸಾಕು ಮಾಡವ್ವಾ, ಆ ಪಾತ್ರಿ ಸವದು ಹೋಗ್ತಾವ," ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಅಕ್ಕೋರ, ಮಂದಿ ಅಂದದ್ದು ಬಿಡ್ರಿ. ಒಂದೊಂದು ಸಲ ನನಗೂ ಹಂಗ ಅನಸ್ತೈತಿ. ಅವತ್ತ ಸಿಟ್ಟಿನ್ಯಾಗ ಇದ್ನಿ. ಆ ಔಷಧಿ ಡಬ್ಬಿ ಸರಿಸಿದ ಕೈಲೇ ಹಿಟ್ಟು ನಾದಿದ್ನೇನೋ. ಕೈ ತೊಳಕೊಂಡಿದ್ನೋ ಇಲ್ಲೋ, ಎಷ್ಟು ನೆನಪು ಮಾಡ್ಕೊಂಡ್ರೂ ನೆನಪಾಗವಲ್ದು."

ನನಗೆ ಆ ದಿನ ಪಾಠ ಮಾಡಲು ಆಗಲಿಲ್ಲ. ಮಂದಿ ಹೊರಿಸಿದ ಮಾತನ್ನು ಕೊಡವಿ ಎದ್ದು ಹೋಗಬಹುದು. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋದರೆ ಎಲ್ಲಿಗೆ ಹೋಗುವುದು?

ಮಗಳು ಶ್ವೇತಾ ಈಗ ದೊಡ್ಡವಳು. ಕೊಪ್ಪಳದ ಹಾಸ್ಟೆಲ್‌ನಲ್ಲಿದ್ದುಕೊಂಡು ಪಿಯುಸಿ ಓದುತ್ತಾಳೆ, ಶನಿವಾರ ಅಳವಂಡಿಗೆ, ಅವಳು ಆಯಿ ಎಂದು ಕರೆಯುವ ಅಜ್ಜಿಯ ಹತ್ತಿರ ಹೋಗುತ್ತಾಳೆ. ಹುಲಿಗವ್ವ ಆಗಾಗ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡು ಬರುತ್ತಾಳೆ. ಹೋಗುವಾಗ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇರಲೇಬೇಕು. ಬೆಂಚಿನ ಮೇಲೆ ಕೂತು ಮಗಳ ಎದುರು ತಾನು ಮೊದಲು ಒಂದನ್ನು ತಿಂದು ಡಬ್ಬಿ ಕೊಡುತ್ತಾಳೆ. ಹುಡುಗಿ, "ಹೊಟ್ಟಿ ತುಂಬೈತಿ, ಆಮ್ಯಾಲ ತಿಂತೀನಿ," ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಒಮ್ಮೆ ಗಂಗಾವತಿಯ ಬಸ್ಸು ಹೊರಟಾಗ ಹುಲಿಗವ್ವ ಕಿಟಕಿಯಿಂದ ತಿರುಗಿ ನೋಡಿದಳು. ಶ್ವೇತಾ ಗಟಾರದ ಪಕ್ಕ ನಿಂತು ಡಬ್ಬಿ ಬೋರಲು ಹಾಕಿ ಬಡಿಯುತ್ತಿದ್ದಳು. ಇದನ್ನು ನನಗೆ ಹೇಳುವಾಗ ಹುಲಿಗವ್ವ ಅಳಲಿಲ್ಲ. ಮುಂದಿನ ಸಲವೂ ಹೋಳಿಗೆ ಒಯ್ದಳು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಮಲ್ಲೇಶ ಸತ್ತ ಮೂರನೆಯ ದಿನ, ಮಣ್ಣಿಗೆ ಹಾಲು ಹಾಕಿ ಬಂದ ಮಾರೆವ್ವ, ಉಳಿದ ಹಾಲಿನ ಗಿಂಡಿ ಹಿಡಿದು ಒಳಕೋಣೆಗೆ ಹೋದಳಂತೆ. ಮಗ ಮಲಗುತ್ತಿದ್ದ ಕೌದಿಯ ಮಡಿಕೆಯಿಂದ ಒಂದು ಹಾವು ಹೊರಬಂದು, ತಲೆ ಎತ್ತಿ ಅವಳನ್ನೇ ನೋಡಿತಂತೆ. ಯಾರನ್ನೂ ಕೂಗದೆ ಅವಳು ಹಾಲನ್ನು ಅದರ ಮುಂದೆ ಇಟ್ಟು ಕೈಮುಗಿದಳು. ಅದು ಚೀಲಗಳ ಸಂದಿಗೆ ಸರಿದು ಹೋಯಿತು. ತನ್ನ ಮಗನೇ ಬಂದು ಮುಖ ತೋರಿಸಿ ಹೋದ ಎಂದು ಅಂದಿನಿಂದ ಮಾರೆವ್ವ ಬಂದವರಿಗೆಲ್ಲ ಹೇಳುತ್ತಾಳೆ. ಅಳವಂಡಿಯಲ್ಲಿ ಈ ಕಥೆ ಕೇಳದವರಿಲ್ಲ. ಹುಲಿಗವ್ವನೂ ಇದನ್ನು ನಂಬಿದ್ದಳು, ಅತ್ತೆಗಾದರೂ ಮುಖ ತೋರಿಸಿದನಲ್ಲ ಎಂದು ಹೊಟ್ಟೆಕಿಚ್ಚೂ ಪಟ್ಟಿದ್ದಳು.

ಹೋದ ಮಳೆಗಾಲದ ಒಂದು ಶುಕ್ರವಾರ ಶಾಲೆಯ ಅಕ್ಕಿ ಕೋಣೆಗೆ ಕೇರೆಹಾವು ಹೊಕ್ಕಿತು. ಗಂಗಾವತಿಯಿಂದ ಅಲ್ತಾಫನನ್ನು ಕರೆಸಿದೆವು. ಅವನದು ಪಂಕ್ಚರ್ ಅಂಗಡಿ. ಹಾವು ಕಂಡವರು ಕರೆದರೆ ಜಾಕ್ ಅಲ್ಲೇ ಬಿಟ್ಟು ಕೊಕ್ಕೆ ಹಿಡಿದು ಬರುತ್ತಾನೆ. ಹಾವು ಚೀಲಕ್ಕೆ ಬಿದ್ದ ಮೇಲೆ, ಹೇಗೂ ಬಂದಿದ್ದೀಯಲ್ಲ, ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದೆ. ಅವನು ಫೋನಿನ ಚಿತ್ರಗಳನ್ನು ಶಾಲೆಯ ಟಿವಿಗೆ ಹಾಕಿಕೊಂಡು ಶುರು ಮಾಡಿದ.

ನಮ್ಮ ಹುಡುಗರು ಮೊಬೈಲಿನಲ್ಲಿ ಏನೇನೋ ನೋಡಿರುತ್ತಾರೆ. ಒಬ್ಬನಿಗೆ ಆಫ್ರಿಕಾದ ಬ್ಲ್ಯಾಕ್ ಮಾಂಬಾ ಬೇಕು, ಇನ್ನೊಬ್ಬಳಿಗೆ ಸಮುದ್ರದಲ್ಲಿ ಸೋಕಿದರೆ ಸಾಕು ಕೊಲ್ಲುವ ಲೋಳೆಮೀನು ಬೇಕು.

"ಎಲ್ಲಾ ಖರೆ," ಎಂದ ಅಲ್ತಾಫ. "ಆಸ್ಟ್ರೇಲಿಯಾದಾಗ ತೈಪಾನ್ ಅಂತ ಒಂದು ಹಾವು ಐತಿ, ಒಮ್ಮೆ ಕಡಿದ್ರ ನೂರು ಮಂದಿಗೆ ಸಾಕಾಗೋವಷ್ಟು ವಿಷ ಅಂತಾರ. ಆದ್ರ ಅದು ಇರೂದು ಮಂದಿ ಇಲ್ಲದ ಬಯಲಿನ್ಯಾಗ. ಹಾವು ಕಡಿದು ಭಾಳ ಮಂದಿ ಸಾಯೂದು ಅಲ್ಲಲ್ಲ, ನಮ್ಮ ದೇಶದಾಗ. ವಿಷ ಎಷ್ಟು ಐತಿ ಅನ್ನೂದು ಆಮ್ಯಾಗಿನ ಮಾತು. ನೀವು ಎಲ್ಲಿ ಮಲಗ್ತೀರಿ, ಅದನ್ನ ಮೊದಲ ಹೇಳ್ರಿ."

ನೆಲದ ಮೇಲೆ ಎಂದು ಮಕ್ಕಳು ಒಟ್ಟಿಗೆ ಕೂಗಿದರು.

ಅವನು ನಮ್ಮ ಸುತ್ತ ಇರುವ ನಾಲ್ಕನ್ನು ತೋರಿಸಿದ. ನಾಗರಹಾವು, ಕೊಳಕುಮಂಡಲ, ಕಲ್ಲುಗುಡ್ಡದಲ್ಲಿ ಸಿಗುವ ಸಣ್ಣ ಗರಗಸಮಂಡಲ. ನಾಲ್ಕನೆಯದರ ಚಿತ್ರ ಬಂದಾಗ ಹುಲಿಗವ್ವ ಮಜ್ಜಿಗೆ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ಮಿರಿಮಿರಿ ಕಪ್ಪು ಮೈ, ಅದರ ಮೇಲೆ ಸಾಲಾಗಿ ತೆಳ್ಳನೆಯ ಬಿಳಿ ಪಟ್ಟೆಗಳು.

"ಇದು ಕಟ್ಟುಹಾವು," ಎಂದ ಅಲ್ತಾಫ. "ಇಲಿ ಹುಡುಕ್ಕೊಂತ ಮನಿಯೊಳಗ ಬರ್ತೈತಿ. ಬೆಚ್ಚಗ ಐತಿ ಅಂತ ಹಾಸಿಗಿಯೊಳಗೂ ಬರ್ತೈತಿ. ನಿದ್ದಿಗಣ್ಣಾಗ ನೀವು ಹೊರಳಿದ್ರ ಕಡೀತೈತಿ. ನೋವು ಇಲ್ಲ, ಬಾವು ಇಲ್ಲ, ಸೂಜಿ ಚುಚ್ಚಿದ ಗುರುತೂ ಕಾಣಾಂಗಿಲ್ಲ. ಮುಂಜಾನೆ ಹೊಟ್ಟಿನೋವು ಅಂತ ಏಳ್ತಾರ, ವಾಂತಿ ಮಾಡ್ತಾರ. ಕಣ್ಣ ರೆಪ್ಪಿ ತಾವಾಗೇ ಇಳೀತಾವ. ಮಂದಿ ಏನೋ ತಿಂದಾನ ಅಂತ ಹುಣಸಿನೀರು ಕುಡಿಸಿಕೊಂತ ಕೂಡ್ತಾರ. ಲಗೂನ ಸರಕಾರಿ ದವಾಖಾನಿಗೆ ಒಯ್ದ್ರ ಔಷಧ ಐತಿ, ಬದುಕ್ತಾರ."

ಹುಲಿಗವ್ವ ಮಜ್ಜಿಗೆಯ ಲೋಟವನ್ನು ಕಿಟಕಿಯಲ್ಲಿಟ್ಟು ಮಕ್ಕಳ ಸಾಲನ್ನು ದಾಟಿ ಟಿವಿಯ ಮುಂದೆ ಬಂದು ನಿಂತಳು.

"ಕಡಿದ ಮ್ಯಾಲ ಆ ಹಾವು ಎಲ್ಲಿ ಹೋಗ್ತೈತ್ರಿ?" ಎಂದು ಕೇಳಿದಳು.

"ಎಲ್ಲಿ ಹೋಗ್ತೈತಿ ಅಕ್ಕಾ, ಅಲ್ಲೇ ಚೀಲದ ಸಂದ್ಯಾಗ ಇದ್ರೂ ಇರ್ತೈತಿ. ಅದು ಹೋದ್ರ ಇನ್ನೊಂದು ಬರ್ತೈತಿ. ಇಲಿ ಇರೂತನಕ ಆ ಮೂಲಿ ಬಿಡಾಂಗಿಲ್ಲ."

ನಾನು ಅವಳ ಮುಖ ನೋಡುತ್ತಿದ್ದೆ. ಎಷ್ಟೋ ವರ್ಷಗಳ ಗಂಟು ಬಿಚ್ಚಿದ ಸಂತೋಷ ಕಾಣುತ್ತದೆ ಎಂದುಕೊಂಡೆ. ಕಂಡದ್ದು ಬರೀ ಭಯ. ಹೊರಗೆ ಬಂದವಳೇ ನನ್ನ ಕೈ ಹಿಡಿದಳು. "ನಾಳಿ ಶನಿವಾರ ಅಲ್ರಿ ಅಕ್ಕೋರ. ನಾಳಿ ಶ್ವೇತಾ ಊರಿಗೆ ಹೋಗ್ತಾಳ. ಆಕಿ ಮಲಗೂದು ಅದೇ ಕೋಣ್ಯಾಗ, ನೆಲದ ಮ್ಯಾಲ. ನಮ್ಮತ್ತಿ ಆ ಚೀಲ ಇದ್ದಲ್ಲಿಂದ ಅಲಗಸಿಲ್ಲರಿ. ಮಗ ಮತ್ತ ಬರ್ತಾನ ಅಂತ ಆ ಮೂಲ್ಯಾಗ ಹಾಲು ಇಡ್ತಾಳ."

ಸಂಜೆ ನನ್ನ ಫೋನಿನಿಂದಲೇ ಮಗಳಿಗೆ ಕರೆ ಮಾಡಿದಳು. ನಾಳೆ ಊರಿಗೆ ಹೋಗಬೇಡ, ಹೋದರೂ ನೆಲಕ್ಕೆ ಮಲಗಬೇಡ ಎಂದಳು. ಹುಡುಗಿಯ ದನಿ ನನಗೂ ಕೇಳುತ್ತಿತ್ತು. "ಈಗ ಮತ್ತೇನು ಹೊಸಾದು ಸುರು ಮಾಡಿದಿ? ಆಯಿ ಒಬ್ಬಾಕಿ ಇರ್ತಾಳ. ಆಕಿ ಹತ್ರ ಹೋಗಬ್ಯಾಡ ಅನ್ನಾಕ ನೀ ಯಾರು?" ಎಂದು ಕೇಳಿ ಕಟ್ ಮಾಡಿದಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟೊಡನೆ ನಾವಿಬ್ಬರೂ ಹೊರಟೆವು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಈ ಹೆಂಗಸನ್ನು ಒಬ್ಬಳೇ ಕಳಿಸಿದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆಂದು ಗೊತ್ತಿತ್ತು. ಟೀಚರು ಎಂದರೆ ಒಂದು ಲೋಟ ನೀರನ್ನಾದರೂ ಕೊಡುತ್ತಾರೆ. ಅಲ್ತಾಫ ಕಟ್ಟುಹಾವಿನ ಚಿತ್ರವನ್ನು ವಾಟ್ಸಾಪಿಗೆ ಕಳಿಸಿದ್ದ. ಕೆಳಗೆ ತಾನು ತರಗತಿಯಲ್ಲಿ ಹೇಳಿದ್ದನ್ನೇ ಕನ್ನಡದಲ್ಲಿ ಬರೆದಿದ್ದ.

ಗಂಗಾವತಿಯಲ್ಲಿ ಬಸ್ಸು ತಡವಾಯಿತು. ಹುಲಿಗವ್ವ ಪ್ರತಿ ಬಸ್ಸಿನ ಬೋರ್ಡನ್ನೂ ನನ್ನಿಂದ ಓದಿಸಿದಳು. ಬಸ್ಸು ಸಿಕ್ಕ ಮೇಲೂ ಸೀಟಿನ ತುದಿಯಲ್ಲೇ ಕೂತಳು. ಭತ್ತದ ಗದ್ದೆ ಮುಗಿದು ಕಲ್ಲುಗುಡ್ಡ ಬಂತು, ಕೊಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು, ಎರೆಹೊಲ ಶುರುವಾಯಿತು. ಮಡಿಲಲ್ಲಿ ಅದೇ ಸ್ಟೀಲಿನ ಡಬ್ಬಿ. ನಸುಕಿನಲ್ಲೆದ್ದು ಹೋಳಿಗೆ ಮಾಡಿದ್ದಳಂತೆ. ಚೆಲ್ಲುವ ಮಗಳಿಗೆ ಯಾಕೆ ಮಾಡುತ್ತೀಯ ಎನ್ನಬೇಕೆನಿಸಿತು.

"ಮಾರೆವ್ವಗ ಎಲ್ಲಾ ಬಿಡಿಸಿ ಹೇಳೂಣು," ಎಂದೆ. "ಹಾವು ಕಡಿದು ಸತ್ತಾನ, ನೀ ಏನೂ ಮಾಡಿಲ್ಲ ಅನ್ನೂದು ಓಣಿಗೆಲ್ಲ ಗೊತ್ತಾಗಲಿ."

ಅವಳು ಕಿಟಕಿಯಿಂದ ಹೊರಗೆ ಇಣುಕಿ ನೋಡಿದಳು. "ಲಗೂ ಮುಟ್ಟತೈತೇನ್ರಿ ಈ ಬಸ್ಸು?" ಎಂದು ಕೇಳಿದಳು.

ಅಳವಂಡಿಯ ಆ ಮನೆಯ ಬಾಗಿಲಲ್ಲಿ ಮಾರೆವ್ವ ಸೊಸೆಯನ್ನು ಕಂಡು ಮುಖ ಗಂಟಿಕ್ಕಿದಳು. ನನ್ನ ಪರಿಚಯ ಕೇಳಿ, "ಬರ್ರಿ ಅಕ್ಕೋರ, ಒಳಗ ಬರ್ರಿ," ಎಂದು ಚಾಪೆ ಹಾಸಿದಳು. ಹುಲಿಗವ್ವ ಹೊಸ್ತಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. ಶ್ವೇತಾ ಆಗಲೇ ಬಂದಿದ್ದಳು. ನೀರು ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಅವ್ವನದೇ ಹಣೆ, ಅವ್ವನದೇ ಕಣ್ಣು.

ಒಳಕೋಣೆ ಅಲ್ಲಿಂದಲೇ ಕಾಣುತ್ತಿತ್ತು. ಗೋಡೆಗೆ ಒರಗಿಸಿದ ಹಳೆಯ ಚೀಲಗಳು, ಅವುಗಳ ಮುಂದೆ ಮಡಚಿಟ್ಟ ಕೌದಿ, ಒಂದು ಬಟ್ಟಲು. ಕೌದಿಯ ಪಕ್ಕದಲ್ಲೇ ರಾತ್ರಿಗೆಂದು ಶ್ವೇತಾಳ ಹಾಸಿಗೆ ಸುತ್ತಿಟ್ಟಿತ್ತು.

ಹೊಸಬರು ಸಿಕ್ಕರೆ ಮಾರೆವ್ವ ಕಥೆ ಹೇಳದೆ ಬಿಡುವವಳಲ್ಲ. ಕೇಳುವ ಮುಂಚೆಯೇ ಶುರು ಮಾಡಿದಳು. "ನನ್ನ ಮಗ ಹಂಗ ಹೋಗಲಿಲ್ರಿ ಅಕ್ಕೋರ. ಹಾಲು ಹಾಕಿ ಬಂದ ದಿನ ನನಗ ಮಾರಿ ತೋರಿಸಿ ಹೋಗ್ಯಾನ. ಕರ್ರಗ ಮಿಂಚತಿದ್ದ. ಮೈತುಂಬ ಬೆಳ್ಳಿ ಉಡದಾರ ಕಟ್ಟಿದಂಗ ಬಿಳಿ ಗೆರಿ. ಸಣ್ಣಾಂವ ಇದ್ದಾಗ ನಾನೇ ಬೆಳ್ಳಿ ಉಡದಾರ ಹಾಕಿದ್ನಿ ಅವನಿಗೆ. ಅದನ್ನ ಹಾಕ್ಕೊಂಡೇ ಬಂದಿದ್ದ."

ನಾನು ತಡೆಯದೆ ಫೋನು ತೆಗೆದು ಚಿತ್ರ ಹಿಡಿದೆ. "ಹಿಂಗಿತ್ತೇನವ್ವಾ?"

ಅವಳು ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿನ ಹತ್ತಿರ ತಂದಳು. ಆ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಇವನೇ," ಎಂದಳು. "ಇವನೇ ನನ್ನ ಮಲ್ಲೇಶ. ನೀವೆಲ್ಲಿ ಕಂಡ್ರಿ ಇವನ್ನ?" ಗಾಜಿನ ಮೇಲಿನ ಹಾವನ್ನು ಬೆರಳಿಂದ ಸವರಿ, ಆ ಬೆರಳನ್ನು ತುಟಿಗೆ ಒತ್ತಿಕೊಂಡಳು. "ಶ್ವೇತಾ, ಬಾ ಇಲ್ಲಿ, ನಿಮ್ಮಪ್ಪನ್ನ ನೋಡು."

ಶ್ವೇತಾ ಅಜ್ಜಿಯ ಭುಜದ ಮೇಲಿಂದ ಬಾಗಿ ನೋಡಿದಳು. ಮಾರೆವ್ವನಿಗೆ ಓದಲು ಬಾರದು, ಅವಳಿಗೆ ಬರುತ್ತದೆ. ಚಿತ್ರದ ಕೆಳಗಿದ್ದುದನ್ನು ಅವಳು ಓದುತ್ತಿದ್ದಾಳೆಂದು ಕಣ್ಣು ಓಡುವುದರಿಂದಲೇ ತಿಳಿಯುತ್ತಿತ್ತು. ಹೊಟ್ಟೆನೋವು ಎಂಬಲ್ಲಿ, ಕಣ್ಣ ರೆಪ್ಪೆ ಎಂಬಲ್ಲಿ, ಊಟದಿಂದಾಯಿತೆಂದು ತಪ್ಪು ತಿಳಿಯುತ್ತಾರೆ ಎಂಬಲ್ಲಿ ಅವು ನಿಂತು ನಿಂತು ಸಾಗಿದವು. ಓದಿ ಮುಗಿಸಿ ತಲೆ ಎತ್ತಿದಳು. ಹೊಸ್ತಿಲ ಕಡೆ ನೋಡಿದಳು.

ಈಗ ಹೇಳಲೇಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಲಿಗವ್ವ ಎದ್ದು ಬಂದು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಅತ್ತೆಯ ಎದುರು ಕೂತಳು.

"ಅತ್ತಿ, ಒಂದು ಮಾತು ಕೇಳ್ರಿ. ಅವರು ಬಂದು ಹೋಗೂ ಜಾಗ ಅದು. ವಯಸ್ಸಿಗೆ ಬಂದ ಹುಡುಗಿ ಅಲ್ಲಿ ಕಾಲು ಚಾಚಿ ಮಲಗೂದು ಛಲೋ ಅಲ್ಲ. ಆ ಹಳೇ ಚೀಲದಾಗ ಇಲಿ ಹೊಲಸು ಮಾಡ್ಯಾವ, ಅಂಥಾದ್ರಾಗ ಅವರನ್ನ ಬಾ ಅಂತ ಹೆಂಗ ಕರಿತೀರಿ? ಚೀಲ ತಗದು ಸ್ವಚ್ಛ ಮಾಡಿಸ್ರಿ. ನೀವಿಬ್ಬರೂ ಪಡಸಾಲ್ಯಾಗ ಮಂಚದ ಮ್ಯಾಲ ಮಲಗ್ರಿ, ಸೊಳ್ಳಿಪರದೆ ಕಟ್ಟಿಕೊಳ್ರಿ. ಹಾಲು ಇಡೂದಾದ್ರ ಹೊರಗ ಬೇವಿನಗಿಡದ ಬುಡಕ್ಕ ಇಡ್ರಿ. ಅವರಿಗೆ ಅದೇ ಸೇರತಿತ್ತು, ಬೇಸಿಗ್ಯಾಗ ಅಲ್ಲೇ ಮಲಗತಿದ್ರು."

ಮಾರೆವ್ವ ಸೊಸೆಯ ಮುಖವನ್ನೇ ನೋಡಿದಳು. ಇಷ್ಟು ವರ್ಷಗಳಲ್ಲಿ ಹಾಗೆ ನೋಡಿರಲಿಲ್ಲವೇನೋ. "ಅದು ಖರೆ," ಎಂದಳು ನಿಧಾನವಾಗಿ. "ಆ ಗಿಡದ ಬುಡ ಅಂದ್ರ ಅವನಿಗೆ ಪ್ರಾಣ ಇತ್ತು. ನನಗ ಹೊಳೀಲೇ ಇಲ್ಲ ನೋಡು."

ಚೀಲಗಳನ್ನು ಶ್ವೇತಾಳೇ ತೆಗೆದಳು. ಅಲ್ತಾಫ ಹೇಳಿಕೊಟ್ಟಿದ್ದಂತೆ ಉದ್ದನೆಯ ಕೋಲಿಂದ ಒಂದೊಂದನ್ನೇ ಎಳೆದು ಕೊಡವಿ ಅಂಗಳಕ್ಕೆ ತಂದು ಹಾಕು ಎಂದು ನಾನು ದೂರದಿಂದಲೇ ಹೇಳಿದೆ, ಹಾಗೆಯೇ ಮಾಡಿದಳು. ಇಲಿಗಳು ಓಡಿದವು, ಹಾವು ಯಾವುದೂ ಸಿಗಲಿಲ್ಲ. ಪಕ್ಕದ ಮನೆಯವರಿಂದ ಇನ್ನೊಂದು ಮಂಚ ಬಂತು. ಮಾರೆವ್ವ ಬೇವಿನ ಬುಡವನ್ನು ಗುಡಿಸಿ, ನೀರು ಚಿಮುಕಿಸಿ, ಬಟ್ಟಲನ್ನು ತಾನೇ ಒಯ್ದು ಅಲ್ಲಿಟ್ಟಳು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಈ ಹೆಣ್ಣುಮಗಳ ತಲೆಯ ಮೇಲಿನ ಬಂಡೆ ಇಳಿದುಹೋಗುತ್ತಿತ್ತು. ಅದನ್ನು ಬಿಟ್ಟು ಇಲಿ, ಗಿಡ, ಸೊಳ್ಳೆಪರದೆ ಎಂದು ಕೂತಳಲ್ಲ.

ಹಿತ್ತಲಲ್ಲಿ ಕೈಕಾಲು ತೊಳೆಯುವಾಗ ಅದನ್ನು ಕೇಳಿದವಳು ನಾನಲ್ಲ, ಶ್ವೇತಾ. ತಾಯಿಯ ಕೈಗೆ ನೀರು ಹಾಕುತ್ತಾ, ಮುಖ ನೋಡದೆ ಕೇಳಿದಳು. "ನಾ ಓದಿದ್ನ್ಯವ್ವಾ. ಆಯಿಗೆ ಯಾಕ ಹೇಳಲಿಲ್ಲ?"

ಹುಲಿಗವ್ವ ನೆನೆದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡಳು. "ಹೇಳಿದ್ರ ನನ್ನ ಹೆಸರು ತಿರುಗಿ ಬರ್ತೈತಿ. ಆಕಿ ಮಗ ಹೋಗ್ತಾನ. ಹಾಲು ಕುಡಿಸಿ ಕಳಿಸೀನಿ ಅಂತ ಅದೊಂದರ ಮ್ಯಾಲ ಜೀವ ಹಿಡಕೊಂಡಾಳ ಮುದುಕಿ. ಯಾರ ಮುಂದ ಹಾಲು ಇಟ್ಟಿದ್ನಿ ಅನ್ನೂದು ಗೊತ್ತಾದ್ರ ಆಕಿ ಬದುಕಾಂಗಿಲ್ಲ." ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು: "ನಾ ಕೈ ತೊಳಕೊಂಡಿದ್ನಿ. ನನಗ ಅಷ್ಟು ಗೊತ್ತಾತಲ್ಲ, ಸಾಕು."

ಹುಡುಗಿ ಖಾಲಿ ತಂಬಿಗೆ ಹಿಡಿದು ಒಳಗೆ ಹೋದಳು.

ಊಟಕ್ಕೆ ಮಾರೆವ್ವ ರೊಟ್ಟಿ, ಹೆಸರುಕಾಳು ಪಲ್ಯ ಇಟ್ಟಳು. ಸೊಸೆಗೂ ತಟ್ಟೆ ಹಾಕಿದಳು, ಸೊಸೆ ತಂದ ಡಬ್ಬಿಯ ಕಡೆ ಮಾತ್ರ ನೋಡಲಿಲ್ಲ. ಹುಲಿಗವ್ವ ಎಂದಿನಂತೆ ಡಬ್ಬಿಯ ಮುಚ್ಚಳ ತೆಗೆದು ನಡುವೆ ಇಟ್ಟಳು. ಎಲ್ಲರೂ ನೋಡಲಿ ಎಂದು ಸ್ವಲ್ಪ ಮುಂದಕ್ಕೆ ಸರಿದು ಕೂತಳು. ಒಂದು ಹೋಳಿಗೆ ಮುರಿದು ಬಾಯಿಯ ತನಕ ಒಯ್ದಿದ್ದಳು. ಶ್ವೇತಾ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು. ಬೆರಳುಗಳ ನಡುವಿಂದ ಆ ತುಂಡನ್ನು ತೆಗೆದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದು, ನುಂಗಿ, ಇನ್ನೊಂದು ಹೋಳಿಗೆ ತೆಗೆದು ನನ್ನ ತಟ್ಟೆಗೆ ಹಾಕಿದಳು, ಮತ್ತೊಂದನ್ನು ಅಜ್ಜಿಯ ತಟ್ಟೆಗೆ.

"ನನಗ ಬ್ಯಾಡ," ಎಂದಳು ಮಾರೆವ್ವ.

"ನಾ ತಿಂದೀನಲ್ಲ ಆಯಿ," ಎಂದಳು ಶ್ವೇತಾ.

ಮಾರೆವ್ವ ತಿನ್ನಲಿಲ್ಲ. ತೆಗೆದು ಹೊರಗೂ ಇಡಲಿಲ್ಲ. ಹುಲಿಗವ್ವ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಖಾಲಿ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ಮಗಳು ಅಗಿಯುವುದನ್ನೇ ನೋಡುತ್ತಾ ಕೂತಿದ್ದಳು. ಹೊರಗೆ ಕತ್ತಲಾಗುತ್ತಿತ್ತು. ಅಷ್ಟು ಹೊತ್ತು ಅವಳು ಒಂದೇ ಕಡೆ ಅಲುಗಾಡದೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಡಬ್ಬಿಯಲ್ಲಿ ಕೊನೆಗೊಂದು ಹೋಳಿಗೆ ಉಳಿಯಿತು. ಹುಲಿಗವ್ವ ಆ ದಿನ ಎಲ್ಲರಿಗಿಂತ ಕೊನೆಗೆ ಉಂಡಳು.